ಕೊತ್ತಪಲ್ಲಿಯ ಬೇವು, ಕಂಪ್ಯೂಟರಿನ ಬಿಸಿಲು

ರಾಯಚೂರಿನಿಂದ ವಾಡಿ ಕಡೆಗೆ ಹೊರಟ ರೈಲು ಕೃಷ್ಣೆಯ ಸೇತುವೆ ದಾಟಿದ ಕೂಡಲೇ ಕೃಷ್ಣಾ ಎಂಬ ನಿಲ್ದಾಣ ಬರುತ್ತದೆ. ಅದು ತೆಲಂಗಾಣ, ನಾರಾಯಣಪೇಟೆ ಜಿಲ್ಲೆ. ಇನ್ನಷ್ಟು ದೂರ ಹೋಗಿ ಸೈದಾಪುರ ಮುಟ್ಟಿದರೆ ಮತ್ತೆ ಕರ್ನಾಟಕ. ನಡುವೆ ಎರಡು ಸಲ ರಾಜ್ಯ ಬದಲಾಯಿತೆಂದು ಕಿಟಕಿಯಿಂದ ನೋಡಿ ಯಾರೂ ಹೇಳಲಾರರು. ಅದೇ ಕೆಂಪು ಮಸಬು, ಅದೇ ಎರೆ ಹೊಲ, ಬದುವಿನ ಮೇಲೆ ಅದೇ ಬೇವು, ಹಳ್ಳದ ದಂಡೆಗೆ ಅದೇ ಈಚಲು, ದೂರದಲ್ಲಿ ಒಂದರ ಮೇಲೊಂದು ಕೂತ ಅದೇ ಬೋಳು ಬಂಡೆಗಳು.

ಈ ಸೀಮೆಯ ಒಂದು ಊರನ್ನು ಕಂಪ್ಯೂಟರಿನೊಳಗೆ ಕಟ್ಟಬೇಕಾಗಿದೆ ಎಂದಿಟ್ಟುಕೊಳ್ಳಿ. ಊರಿಗೆ ಕೊತ್ತಪಲ್ಲಿ ಎನ್ನೋಣ. ನಾರಾಯಣಪೇಟೆ, ಮಖ್ತಲ್, ಗದ್ವಾಲ್‌ಗಳ ಸುತ್ತ ಆ ಹೆಸರಿನ ಊರು ಒಂದಕ್ಕಿಂತ ಹೆಚ್ಚಿವೆ, ಯಾವುದನ್ನಾದರೂ ನೆನೆಸಿಕೊಳ್ಳಿ. ಮನೆ, ಗುಡಿ, ಬಾವಿ ಕಟ್ಟುವುದು ಕಷ್ಟವಲ್ಲ. ಅಳತೆ ಕೊಟ್ಟರೆ ಆಯಿತು. ಕಷ್ಟ ಇರುವುದು ಗಿಡದಲ್ಲಿ ಮತ್ತು ಬಿಸಿಲಿನಲ್ಲಿ. ಇವತ್ತಿನ ಮಾತು ಅವೆರಡರ ಬಗ್ಗೆ.

ಇದು ನಮ್ಮವರಿಗೆ ದೂರದ ವಿದ್ಯೆಯೇನಲ್ಲ. 2015ರಲ್ಲಿ ಬಂದ ಬಾಹುಬಲಿಯ ಆ ಮುಗಿಲೆತ್ತರದ ಜಲಪಾತವನ್ನು, ಅದರ ಸುತ್ತಲ ಕಾಡನ್ನು ಕಂಪ್ಯೂಟರಿನಲ್ಲಿ ಬೆಳೆಸಿದ್ದು ಹೈದರಾಬಾದಿನ ಮಕುಟ ಸ್ಟುಡಿಯೋ. ಮೂಲದಲ್ಲಿ ಇದ್ದದ್ದು ಕೇರಳದ ಅತಿರಪ್ಪಿಳ್ಳಿ ಜಲಪಾತ. ಮರುವರ್ಷ ಬಂದ ಜಂಗಲ್ ಬುಕ್ ಚಿತ್ರದಲ್ಲಿ ಆ ಹುಡುಗನೊಬ್ಬನನ್ನು ಬಿಟ್ಟರೆ ಕಾಣುವುದೆಲ್ಲ ಹೆಚ್ಚುಕಡಿಮೆ ಕಂಪ್ಯೂಟರಿನದೇ. ಚಿತ್ರೀಕರಣ ನಡೆದದ್ದು ಲಾಸ್ ಏಂಜಲೀಸಿನ ಒಂದು ಸ್ಟುಡಿಯೋದೊಳಗೆ. ಭಾರತದ ಕಾಡುಗಳ ಫೋಟೋಗಳನ್ನು ರಾಶಿ ರಾಶಿ ತೆಗೆದುಕೊಂಡು ಹೋಗಿ ಎಂಪಿಸಿ ಎಂಬ ಸಂಸ್ಥೆ ಆ ಕಾಡನ್ನು ಕಟ್ಟಿತು. ಅದರಲ್ಲಿ ಬೆಂಗಳೂರಿನ ಶಾಖೆಯ ಕಲಾವಿದರ ಕೈಯೂ ಇತ್ತು. ಚಿತ್ರಕ್ಕೆ ದೃಶ್ಯ ಪರಿಣಾಮಗಳ ಆಸ್ಕರ್ ಬಂತು.

ಹಾಗಾದರೆ ಕಂಪ್ಯೂಟರಿನಲ್ಲಿ ಗಿಡ ಬೆಳೆಯುವುದು ಹೇಗೆ? ಒಂದೊಂದೇ ಎಲೆಯನ್ನು ಬಿಡಿಸುತ್ತ ಕೂತರೆ ಆಯುಷ್ಯ ಸಾಲದು. ಅದಕ್ಕೆ ದಾರಿ ತೋರಿಸಿದವನು ಅರಿಸ್ಟಿಡ್ ಲಿಂಡನ್‌ಮೇಯರ್ ಎಂಬ ಹಂಗೇರಿ ಮೂಲದ ಜೀವವಿಜ್ಞಾನಿ, 1968ರಲ್ಲಿ. ಅವನು ನೋಡುತ್ತಿದ್ದದ್ದು ಮರಗಳನ್ನಲ್ಲ, ಪಾಚಿಯಂಥ ಸಣ್ಣ ಜೀವಿಗಳನ್ನು. ಅವನ ನಿಯಮ ಇಷ್ಟೇ: ಬಲಿತ ಕೋಶ ಒಂದು ಬಲಿತದ್ದನ್ನೂ ಒಂದು ಎಳೆಯದನ್ನೂ ಕೊಡುತ್ತದೆ, ಎಳೆಯದು ಮುಂದಿನ ಸರದಿಗೆ ಬಲಿಯುತ್ತದೆ. ಒಂದರಿಂದ ಶುರು ಮಾಡಿದರೆ ಎರಡು, ಆಮೇಲೆ ಮೂರು, ಐದು, ಎಂಟು. ಛಂದಸ್ಸು ಓದಿದವರಿಗೆ ಈ ಸಂಖ್ಯೆಗಳು ಗೊತ್ತು. ಇಂತಿಷ್ಟು ಮಾತ್ರೆಗಳ ಸಾಲನ್ನು ಲಘು ಗುರುಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದೆಂದು ಲೆಕ್ಕ ಹಾಕಿದರೆ ಬರುವುದು ಇವೇ. 12ನೇ ಶತಮಾನದ ಹೇಮಚಂದ್ರ ಬರೆದಿಟ್ಟಿದ್ದಾನೆ. ಪದ್ಯದ ಸಾಲೂ ಪಾಚಿಯ ಎಳೆಯೂ ಒಂದೇ ಲೆಕ್ಕದಲ್ಲಿ ಬೆಳೆಯುತ್ತವೆ ಎಂಬುದು ನನಗೆ ಇವತ್ತಿಗೂ ಸಣ್ಣ ಬೆರಗು.

ಆ ನಿಯಮಕ್ಕೆ ಕವಲು, ಕೋನ, ದಪ್ಪ ಸೇರಿಸಿದರೆ ಗಿಡವಾಗುತ್ತದೆ. ಇಂಥ ಕವಲು ಇಷ್ಟು ಡಿಗ್ರಿ ವಾಲಬೇಕು, ಪ್ರತಿ ಸುತ್ತಿಗೆ ಇಷ್ಟು ತೆಳ್ಳಗಾಗಬೇಕು, ನಡುವೆ ಸ್ವಲ್ಪ ಆಕಸ್ಮಿಕವೂ ಇರಲಿ. ಪ್ರಶಿಂಕಿವಿಚ್ ಎಂಬ ಗಣಕ ವಿಜ್ಞಾನಿ ಲಿಂಡನ್‌ಮೇಯರ್ ಜೊತೆ ಸೇರಿ ಇದನ್ನೆಲ್ಲ ಪುಸ್ತಕವಾಗಿ 1990ರಲ್ಲಿ ಹೊರತಂದ. ಪುಸ್ತಕ ಕೈಗೆ ಬರುವ ಮೊದಲೇ, 1989ರಲ್ಲಿ, ಲಿಂಡನ್‌ಮೇಯರ್ ತೀರಿಹೋಗಿದ್ದ. ಇವತ್ತು ಬ್ಲೆಂಡರ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಹತ್ತಾರು ಗುಂಡಿ ತಿರುಗಿಸಿದರೆ ಕಣ್ಣೆದುರೇ ಮರ ಎದ್ದು ನಿಲ್ಲುತ್ತದೆ. ಸ್ಪೀಡ್‌ಟ್ರೀಯಂಥ ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶದಲ್ಲಿ ಇನ್ನೂ ಚೆನ್ನಾಗಿ ನಿಲ್ಲುತ್ತದೆ, ಗಾಳಿಗೆ ತೂಗುತ್ತದೆ.

ನಿಲ್ಲುತ್ತದೆ ನಿಜ, ಆದರೆ ಕೊತ್ತಪಲ್ಲಿಯ ಬೇವಿನ ಗಿಡವಾಗಿ ಅಲ್ಲ. ನಮ್ಮ ಹುಡುಗರು ಮಾಡಿದ ಹಳ್ಳಿಯ ದೃಶ್ಯಗಳನ್ನು ನೋಡುವಾಗೆಲ್ಲ ನನಗೆ ಒಂದೇ ತಕರಾರು: ಗಿಡಗಳು ತೀರ ಆರೋಗ್ಯವಾಗಿವೆ. ಯಾರೂ ಮುಟ್ಟದೆ ಬೆಳೆದ ಗಿಡ ನಮ್ಮ ಬಯಲುಸೀಮೆಯಲ್ಲಿ ಎಲ್ಲಿದೆ? ಆಡು ಹಿಂಗಾಲ ಮೇಲೆ ನಿಂತು ಎಷ್ಟು ಎತ್ತರಕ್ಕೆ ಬಾಯಿ ಹಾಕಬಲ್ಲದೋ ಅಷ್ಟು ಎತ್ತರದವರೆಗೆ ಜಾಲಿಯ ಕೆಳಮೈ ಸೂತ್ರ ಹಿಡಿದು ಕತ್ತರಿಸಿದಂತೆ ಸಮವಾಗಿರುತ್ತದೆ. ಊರ ಸುತ್ತ ಮೇಯುವ ಮಂದೆ ಒಂದೇ ಆದ್ದರಿಂದ ಆ ಗೆರೆ ಎಲ್ಲ ಗಿಡಗಳಲ್ಲೂ ಒಂದೇ ಎತ್ತರಕ್ಕಿರುತ್ತದೆ. ಬದುವಿನ ಬೇವಿಗೆ ಹೊಲದ ಕಡೆಯ ಟೊಂಗೆ ಇರುವುದಿಲ್ಲ, ನೆರಳಿಗೆ ಜೋಳ ಸೊರಗುತ್ತದೆಂದು ರೈತ ಸವರಿರುತ್ತಾನೆ. ಹಾದಿಯ ಬದಿಯದಕ್ಕೆ ನೆತ್ತಿ ಇರುವುದಿಲ್ಲ, ಕರೆಂಟಿನ ತಂತಿಗಾಗಿ ಕಡಿದಿರುತ್ತಾರೆ. ಕಡಿದ ಗಂಟಿನಿಂದ ಚಿಗುರು ಒತ್ತೊತ್ತಾಗಿ ಎದ್ದಿರುತ್ತದೆ. ಕಟ್ಟೆಯ ಪಕ್ಕದ ಹುಣಸೆಯ ತೊಗಟೆ ದನ ಕಟ್ಟಿ ಕಟ್ಟಿ ಒಂದೆಡೆ ನುಣ್ಣಗಾಗಿರುತ್ತದೆ. ಕೊಡಲಿ, ಆಡು, ಹಗ್ಗ ಇವು ಮಾಡಿದ ಆಕಾರ ಯಾವ ನಿಯಮದಲ್ಲೂ ತಾನಾಗಿ ಬರುವುದಿಲ್ಲ. ಪ್ರಶಿಂಕಿವಿಚ್‌ಗೆ ಇದು ಹೊಳೆದಿತ್ತು. 1994ರಲ್ಲೇ ಅವನೂ ಅವನ ಜೊತೆಗಾರರೂ ಕತ್ತರಿ ಬಿದ್ದ ಗಿಡ ಮತ್ತೆ ಹೇಗೆ ಚಿಗುರುತ್ತದೆಂದು ಲೆಕ್ಕಕ್ಕೆ ತಂದರು. ಆದರೆ ಅವರು ತೋರಿಸಿದ ಉದಾಹರಣೆ ಯುರೋಪಿನ ಅರಮನೆ ತೋಟಗಳ ಅಲಂಕಾರದ ಗಿಡ. ನಮ್ಮ ಆಡಿಗೆ ಲೆಕ್ಕ ಬರೆಯುವವರು ನಾವೇ ಆಗಬೇಕು.

ಇನ್ನು ಆಲ. ಮಹಬೂಬ್‌ನಗರದ ಪಿಲ್ಲಲಮರ್ರಿಯನ್ನು ನೋಡಿದವರು ನಿಮ್ಮಲ್ಲಿ ಅನೇಕರಿರಬಹುದು. ಸುಮಾರು 700 ವರ್ಷದ್ದೆಂದು ಹೇಳುವ ಮರ. 2018ರಲ್ಲಿ ಗೆದ್ದಲು ಹಿಡಿದಾಗ ಆಸ್ಪತ್ರೆಯ ರೋಗಿಗೆ ಸಲೈನ್ ಏರಿಸಿದಂತೆ ಅದಕ್ಕೆ ಬಾಟಲಿ ಕಟ್ಟಿ ಔಷಧ ಇಳಿಸಿದರು. ಬೆಂಗಳೂರಿನ ಹತ್ತಿರ ಕೇತೋಹಳ್ಳಿಯ ದೊಡ್ಡ ಆಲದಮರದ್ದು ಇನ್ನೊಂದು ಕಥೆ. ಮೂಲ ಕಾಂಡ ರೋಗ ಬಂದು ಸತ್ತುಹೋಗಿದೆ, ಬಿಳಲುಗಳೇ ಕಾಂಡಗಳಾಗಿ ಮರವನ್ನು ಹೊತ್ತಿವೆ. ಕಂಪ್ಯೂಟರಿನ ಮರ ಮಾತ್ರ ಯಾವಾಗಲೂ ಬುಡದಿಂದಲೇ ಶುರುವಾಗುತ್ತದೆ. ನಡುವೆ ಬುಡವೇ ಇಲ್ಲದ ಮರವನ್ನು ಅದಕ್ಕೆ ಕಲಿಸಬೇಕಾದರೆ ಮೇಲಿನಿಂದ ಇಳಿದು ನೆಲ ಮುಟ್ಟಿದಾಗ ದಪ್ಪವಾಗುವ ಇನ್ನೊಂದು ನಿಯಮವನ್ನೇ ಬರೆಯಬೇಕು.

ತಾಳೆಯ ವಿಷಯಕ್ಕೆ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಬಾಹುಬಲಿಯ ಎರಡನೆಯ ಭಾಗದಲ್ಲಿ ತಾಳೆ ಜಾತಿಯ ಮರಗಳನ್ನು ಬಿಲ್ಲಿನಂತೆ ಬಗ್ಗಿಸಿ ಸೈನಿಕರನ್ನು ಕೋಟೆಯೊಳಕ್ಕೆ ಚಿಮ್ಮಿಸುವ ದೃಶ್ಯವಿದೆ. ಬೆಳಕು ಚೆನ್ನ, ಎಲೆ ಚೆನ್ನ, ಎಲ್ಲ ಚೆನ್ನ. ಆದರೆ ದಿನಾ ಬೆಳಿಗ್ಗೆ ತಾಳೆ ಏರಿ ಕಳ್ಳು ಇಳಿಸುವವನ ಪಕ್ಕ ಕೂತು ಅದನ್ನು ನೋಡಬೇಕು. ಮರದ ಚರ್ಮ ಒಪ್ಪಿಗೆಯಾಯಿತು, ಮೂಳೆ ಒಪ್ಪಿಗೆಯಾಗಲಿಲ್ಲ ಎಂದು ಅವನ ನಗೆಯೇ ಹೇಳುತ್ತದೆ. ಸಿನಿಮಾಕ್ಕೆ ಅಷ್ಟು ಸಲುಗೆ ಇದೆ, ಇರಲಿ.

ಗಿಡ ಸಿದ್ಧವಾದ ಮೇಲೆ ನೆಡುವ ಕೆಲಸ. ಸಂಖ್ಯೆಗೆ ಕಂಪ್ಯೂಟರು ಹೆದರುವುದಿಲ್ಲ. ಒಂದೇ ಗಿಡವನ್ನು ನೆನಪಿನಲ್ಲಿಟ್ಟುಕೊಂಡು ತಿರುಗಿಸಿ, ಹಿಗ್ಗಿಸಿ, ಕುಗ್ಗಿಸಿ ಲಕ್ಷ ಕಡೆ ತೋರಿಸುತ್ತದೆ. ಡಿಸ್ನಿಯವರು ಮೋವಾನಾ ಚಿತ್ರದ ದ್ವೀಪವನ್ನು 2018ರಲ್ಲಿ ಸಂಶೋಧಕರಿಗೆಂದು ಬಿಡುಗಡೆ ಮಾಡಿದಾಗ ಅದರಲ್ಲಿ ಹೀಗೆ ಮರುಬಳಸಿದ ಎಲೆ, ಕಡ್ಡಿ, ಗಿಡಗಳ ಪ್ರತಿಗಳೇ 2 ಕೋಟಿ 80 ಲಕ್ಷಕ್ಕೂ ಹೆಚ್ಚಿದ್ದವು. ತಪ್ಪಾಗುವುದು ಚೆಲ್ಲುವ ರೀತಿಯಲ್ಲಿ. ಕಾಡಿನಲ್ಲಿ ಗಿಡಗಳು ಬಿಸಿಲಿಗೂ ನೀರಿಗೂ ಪೈಪೋಟಿ ಮಾಡಿ ಜಾಗ ಹಿಡಿಯುತ್ತವೆ; ಅದನ್ನು ಅನುಕರಿಸುವ ಲೆಕ್ಕಗಳು 1998ರಿಂದಲೇ ಇವೆ. ಹೊಲದ ಗಿಡಕ್ಕೆ ಜಾಗ ಕೊಟ್ಟವನು ಮನುಷ್ಯ. ಅದು ಬದುವಿನ ಮೇಲೆ, ಬಾವಿಯ ಪಕ್ಕ, ಎರಡು ಹೊಲಗಳ ಎಲ್ಲೆಯಲ್ಲಿ, ಗುಡಿಯ ಹಿಂದೆ ಇರುತ್ತದೆ. ನಡು ಹೊಲದಲ್ಲಿ ಒಂಟಿ ಗಿಡ ಇದ್ದರೆ ಅದಕ್ಕೊಂದು ಕಾರಣ ಇರುತ್ತದೆ, ಕಲ್ಲೋ, ದೇವರೋ, ಸಮಾಧಿಯೋ. ದೃಶ್ಯದಲ್ಲಿ ಆ ಕಾರಣ ಕಾಣದಿದ್ದರೆ ನೋಡುವವನಿಗೆ ಏನೋ ಕೊರತೆ ಅನ್ನಿಸುತ್ತದೆ, ಏನೆಂದು ಹೇಳಲು ಬರದಿದ್ದರೂ.

ಈಗ ಬಿಸಿಲು. ನನ್ನ ಲೆಕ್ಕದಲ್ಲಿ ಗಿಡ ನಂಬಿಕೆಗೆ ಬರುವುದು ಅದರ ಎಲೆಗಿಂತ ಹೆಚ್ಚಾಗಿ ಅದರ ಕೆಳಗಿನ ನೆರಳಿನಿಂದ.

ಕಂಪ್ಯೂಟರಿನಲ್ಲಿ ಸೂರ್ಯನನ್ನು ಒಂದು ಚುಕ್ಕೆಯೆಂದು ಇಟ್ಟರೆ ನೆರಳಿನ ಅಂಚು ಬ್ಲೇಡಿನಂತೆ ಹರಿತವಾಗಿ ಬೀಳುತ್ತದೆ. ನಿಜದ ಸೂರ್ಯ ಚುಕ್ಕೆಯಲ್ಲ. ಆಕಾಶದಲ್ಲಿ ಅವನ ಅಗಲ ಸುಮಾರು ಅರ್ಧ ಡಿಗ್ರಿ. ಅಷ್ಟರಿಂದಲೇ ಎಲ್ಲ ಬದಲಾಗುತ್ತದೆ. ನೆಲದ ಹತ್ತಿರದ ಹುಲ್ಲಿನ ನೆರಳು ಸ್ಪಷ್ಟ, ಮೇಲಿನ ಟೊಂಗೆಯದು ಮಸುಕು. ಒಂದು ಸೆಂಟಿಮೀಟರ್ ದಪ್ಪದ ತಂತಿಯ ಗಟ್ಟಿ ನೆರಳು ಒಂದು ಮೀಟರಿನಾಚೆಗೆ ಉಳಿಯುವುದೇ ಇಲ್ಲ, ಅದಕ್ಕೇ ಕಂಬದ ತಂತಿ ನೆಲದ ಮೇಲೆ ತೆಳುವಾದ ಒಂದು ಕಲೆಯಾಗಿ ಮಾತ್ರ ಕಾಣುವುದು. ಬೇವಿನ ಕೆಳಗೆ ಮಂಚ ಹಾಕಿಕೊಂಡು ಮಲಗಿದವರೆಲ್ಲ ನೋಡಿದ್ದೀರಿ: ಎಲೆಗಳ ಸಂದಿ ಯಾವ ಆಕಾರದ್ದೇ ಆಗಿರಲಿ, ನೆಲಕ್ಕೆ ಬೀಳುವ ಬಿಸಿಲಿನ ಬಿಲ್ಲೆಗಳು ದುಂಡಗೇ ಇರುತ್ತವೆ. ಒಂದೊಂದು ಬಿಲ್ಲೆಯೂ ಸೂರ್ಯನದೇ ಪ್ರತಿಬಿಂಬ. 10 ಮೀಟರ್ ಎತ್ತರದ ಸಂದಿಯಿಂದ ಇಳಿದದ್ದು ಸುಮಾರು 9 ಸೆಂಟಿಮೀಟರ್ ಅಗಲ. 2019ರ ಡಿಸೆಂಬರ್ 26ರ ಗ್ರಹಣದ ದಿನ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಸೂರ್ಯ ಬಳೆಯಂತೆ ಕಂಡ. ನಮ್ಮ ಕಡೆ ಗ್ರಹಣ ಭಾಗಶಃ ಆದ್ದರಿಂದ ಮರದ ಕೆಳಗಿನ ಬಿಲ್ಲೆಗಳು ಕುಡುಗೋಲಾದವು. ಕಂಪ್ಯೂಟರಿನ ಸೂರ್ಯನಿಗೆ ಅರ್ಧ ಡಿಗ್ರಿ ಅಗಲ ಕೊಟ್ಟರೆ ಈ ಬಿಲ್ಲೆಗಳು ತಾವಾಗಿಯೇ ಬರುತ್ತವೆ, ಯಾರೂ ಬಿಡಿಸಬೇಕಾಗಿಲ್ಲ.

ಎರಡನೆಯ ಸಂಗತಿ, ಸೂರ್ಯ ನಿಲ್ಲುವ ಜಾಗ. ಕೊತ್ತಪಲ್ಲಿ ಇರುವುದು ಸುಮಾರು ಹದಿನಾರೂವರೆ ಡಿಗ್ರಿ ಅಕ್ಷಾಂಶದಲ್ಲಿ. ಮೇ ತಿಂಗಳ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ಮೊದಲ ವಾರದ ಆಚೀಚೆ ಇನ್ನೊಮ್ಮೆ ಸೂರ್ಯ ಇಲ್ಲಿ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಆ ದಿನ ಹನ್ನೆರಡೂಕಾಲರ ಸುಮಾರಿಗೆ ನೆಟ್ಟ ಗೂಟಕ್ಕೆ ನೆರಳೇ ಇರುವುದಿಲ್ಲ. ಬೆಂಗಳೂರಿಗೆ ಆ ದಿನ ಬರುವುದು ಏಪ್ರಿಲ್ 24ರ ಹೊತ್ತಿಗೆ, ಮತ್ತೆ ಆಗಸ್ಟ್ 18ರ ಹೊತ್ತಿಗೆ. ಕೊತ್ತಪಲ್ಲಿಯ ಆ ಎರಡು ದಿನಗಳ ನಡುವಿನ ಮೂರು ತಿಂಗಳು ಇಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ಕೂತು ಕಲಿಸುವವನಿಗೆ ನಡುಹಗಲ ನೆರಳು ಉತ್ತರಕ್ಕಲ್ಲದೆ ಬೇರೆಡೆ ಬಿದ್ದ ಅನುಭವವೇ ಇರುವುದಿಲ್ಲ. ಅವನ ಪಾಠ ನೋಡಿ ಕಲಿತ ನಮ್ಮ ಹುಡುಗ ಮೇ ತಿಂಗಳ ಬಯಲುಸೀಮೆಗೂ ಉದ್ದುದ್ದ ಓರೆ ನೆರಳು ಹಾಕುತ್ತಾನೆ. ಅಕ್ಷಾಂಶ, ದಿನಾಂಕ, ಗಂಟೆ ತುಂಬಲು ಬ್ಲೆಂಡರಿನಲ್ಲಿ ಜಾಗ ಇದೆ. ತುಂಬುವವರು ಕಡಿಮೆ.

ಹೆಚ್ಚಿನವರು ಸಂಜೆಯ ಹೊಂಬಿಸಿಲನ್ನು ಹಚ್ಚಿ ಕೈತೊಳೆದುಕೊಳ್ಳುತ್ತಾರೆ. ಅದು ಸುಲಭದ ದಾರಿ. ಇಳಿಬಿಸಿಲಿನಲ್ಲಿ ಅರ್ಧ ಮೈ ಕತ್ತಲಲ್ಲಿರುತ್ತದೆ, ತಪ್ಪುಗಳೂ ಅದರೊಳಗೇ ಅಡಗುತ್ತವೆ. ಕೊತ್ತಪಲ್ಲಿಯ ಏಪ್ರಿಲ್ ನಡುಹಗಲನ್ನು ನಂಬುವಂತೆ ಮಾಡಿದವನಿಗೆ ನಾನು ಪೂರ್ಣಾಂಕ ಕೊಡುತ್ತೇನೆ. ಆ ಹೊತ್ತಿನಲ್ಲಿ ಆಕಾಶ ನೀಲಿ ಇರುವುದಿಲ್ಲ. ದೂಳು ತುಂಬಿ ಬೆಳ್ಳಗೆ, ಸುಣ್ಣ ಬಳಿದ ಹಾಗಿರುತ್ತದೆ. 1999ರಲ್ಲಿ ಪ್ರೀತಮ್, ಶರ್ಲಿ, ಸ್ಮಿಟ್ಸ್ ಎಂಬ ಮೂವರು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಹಗಲಿನ ಆಕಾಶಕ್ಕೊಂದು ಸೂತ್ರ ಬರೆದರು. ಗಾಳಿಯ ಮಬ್ಬು ಎಷ್ಟು ಎಂಬುದಕ್ಕೆ ಅದರಲ್ಲಿ ಒಂದು ಅಂಕಿ ಇದೆ, ಟರ್ಬಿಡಿಟಿ ಎನ್ನುತ್ತಾರೆ. ಎರಡು ಎಂದರೆ ತೊಳೆದಿಟ್ಟ ಆಕಾಶ, ಏರಿಸಿದಂತೆ ಮಬ್ಬು. ಆ ಒಂದು ಅಂಕಿಯನ್ನು ಮುಟ್ಟದೆ ಬಿಟ್ಟ ದೃಶ್ಯದಲ್ಲಿ ಊರು ನಮ್ಮದು, ಆಕಾಶ ಯಾರದೋ.

ಮೂರನೆಯದು, ಬೆಳಕು ಒಮ್ಮೆ ಬಿದ್ದು ಸುಮ್ಮನಾಗುವುದಿಲ್ಲ. ಕೆಂಪು ಮಣ್ಣಿಗೆ ಬಿದ್ದು ಎದ್ದ ಬೆಳಕು ಎಲೆಗಳ ಅಡಿಗೆ, ಸುಣ್ಣದ ಗೋಡೆಯ ಕೆಳಭಾಗಕ್ಕೆ, ಮರದ ಕೆಳಗೆ ಕೂತವರ ಗದ್ದಕ್ಕೆ ಕೆಂಪು ಹಚ್ಚುತ್ತದೆ. ಎರೆ ಹೊಲದಲ್ಲಿ ಈ ಕೆಂಪು ಇರುವುದಿಲ್ಲ, ಕಪ್ಪು ನೆಲ ಬೆಳಕನ್ನು ನುಂಗಿಬಿಡುತ್ತದೆ, ಅಲ್ಲಿಯ ನೆರಳು ಗಾಢ. ಒಂದೇ ಬೇವು ಈ ನೆಲದಲ್ಲಿ ಒಂದು ಬಣ್ಣ, ಆ ನೆಲದಲ್ಲಿ ಇನ್ನೊಂದು. ಬೆಳಕು ಹೀಗೆ ಮೇಲಿಂದ ಮೇಲೆ ಪುಟಿಯುವುದನ್ನು ಒಂದೇ ಸಮೀಕರಣಕ್ಕೆ ಇಳಿಸಿದವನು ಜೇಮ್ಸ್ ಕಾಜಿಯಾ, 1986ರಲ್ಲಿ. ಇವತ್ತಿನ ಸಿನಿಮಾದ ಬೆಳಕೆಲ್ಲ ಆ ಸಮೀಕರಣದ ಮಕ್ಕಳೇ. ಅದನ್ನು ಬಿಡಿಸುವುದು ನಿಧಾನ. ಸೆಕೆಂಡಿಗೆ 24 ಚಿತ್ರ ಬೇಕು, ದೊಡ್ಡ ಕಾಡಿನ ಒಂದು ಚಿತ್ರಕ್ಕೇ ಗಂಟೆಗಟ್ಟಲೆ ಹಿಡಿಯುವುದುಂಟು.

ಎಲೆಯ ಬಗ್ಗೆ ಹೇಳಬೇಕಾದ್ದು ಇನ್ನೂ ಇದೆ. ಎಲೆ ಹಸಿರು ಬಣ್ಣ ಬಳಿದ ಕಾಗದವಲ್ಲ. ಬಿಸಿಲನ್ನು ಬೆನ್ನ ಹಿಂದೆ ಇಟ್ಟುಕೊಂಡು ನೋಡಿದರೆ ಅದು ಒಂದು ಹಸಿರು. ಬಿಸಿಲಿಗೆ ಎದುರಾಗಿ ನೋಡಿದರೆ ಬೆಳಕು ಎಲೆಯನ್ನು ತೂರಿ ಬಂದು ಹಳದಿ ಬೆರೆತ ಉಜ್ವಲ ಹಸಿರಾಗುತ್ತದೆ. ಕೆಂಪನ್ನೂ ನೀಲಿಯನ್ನೂ ಎಲೆ ತನ್ನ ಅಡುಗೆಗೆ ಇಟ್ಟುಕೊಂಡು ಹಸಿರನ್ನು ಅಷ್ಟಿಷ್ಟು ಬಿಟ್ಟುಕೊಡುತ್ತದೆ. ಹೊಂಗೆ, ಆಲಗಳ ಮೇಣದ ಮೈ ಆಕಾಶವನ್ನೇ ಹೊಳೆಯಿಸುವುದರಿಂದ ದೂರದಿಂದ ಅವು ಹಸಿರಿಗಿಂತ ಬೆಳ್ಳಗೆ ಮಿರುಗುತ್ತವೆ. ಹುಣಸೆಯ ಸಣ್ಣ ಎಲೆ ಸಂಜೆ ಮಡಚಿಕೊಳ್ಳುತ್ತದೆ. ರಾತ್ರಿಯ ದೃಶ್ಯಕ್ಕೆ ಹಗಲಿನ ಹುಣಸೆಯನ್ನೇ ಇಟ್ಟರೆ ತಪ್ಪು. ಬೇವಿನ ಕಿರುಎಲೆ ನಡುನರದ ಎರಡೂ ಕಡೆ ಒಂದೇ ಸಮ ಇರುವುದಿಲ್ಲ, ಸ್ವಲ್ಪ ಕುಡುಗೋಲಿನಂತೆ ಬಾಗಿ ಅಂಚು ಗರಗಸವಾಗಿರುತ್ತದೆ. ಕೊಳ್ಳಲು ಸಿಗುವ ಸಿದ್ಧ ಗಿಡಗಳ ಸಂಗ್ರಹಗಳಲ್ಲಿ ಓಕ್, ಪೈನ್, ಬರ್ಚ್, ಮೇಪಲ್ ಹೇರಳ. ಈ ಬೇವನ್ನು ಹುಡುಕಿ ತೆಗೆಯಬೇಕು.

ಇನ್ನು ಉಳಿದ ಬೋಳು ಬಂಡೆಗಳನ್ನು ಬೇಗ ಮುಗಿಸುತ್ತೇನೆ. ತ್ರಿಕೋನಗಳನ್ನು ಒಡೆದೊಡೆದು ಪರ್ವತ ಮಾಡಬಹುದೆಂದು ಲೊರೆನ್ ಕಾರ್ಪೆಂಟರ್ 1980ರಲ್ಲೇ ತೋರಿಸಿದ. ಆ ವಿಧಾನದಿಂದ ಹಿಮಾಲಯ ಬರುತ್ತದೆ, ನಮ್ಮ ಗುಂಡುಕಲ್ಲು ಬರುವುದಿಲ್ಲ. ನಮ್ಮ ಕಲ್ಲು ಈರುಳ್ಳಿಯ ಸಿಪ್ಪೆಯಂತೆ ಪದರ ಕಳಚಿ ಕಳಚಿ ದುಂಡಗಾದದ್ದು.

ಈ ವಿದ್ಯೆಗೆ ಒಂದು ಪರೀಕ್ಷೆ ಹೇಳುತ್ತೇನೆ. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನಿಗೂ ರಾಯಚೂರಿನ ಯುದ್ಧ ನಡೆಯಿತು. ಕೃಷ್ಣೆ ದಾಟಿ ಬಂದ ಆದಿಲ್‌ಶಾಹನ ಸೈನ್ಯ ಸೋತು ನದಿಯ ಕಡೆಗೇ ಹಿಮ್ಮೆಟ್ಟಿತು. ಗದ್ವಾಲಿನ ನಡಿಗಡ್ಡೆಯೂ ಎರಡು ನದಿಗಳ ನಡುವಿನ ಅದೇ ದೋಆಬಿನ ನೆಲ. ಯಾರಾದರೂ ನಾಳೆ ಇದನ್ನು ಸಿನಿಮಾ ಮಾಡಿದರು ಎನ್ನಿ. ಇವತ್ತಿನ ಬಯಲಿನ ಫೋಟೋ ತೆಗೆದು ಹಾಗೇ ಹಿನ್ನೆಲೆಗೆ ಇಟ್ಟರೆ ಆಗುವುದಿಲ್ಲ. ಹಳ್ಳ ಹಳ್ಳದಲ್ಲೂ ತುಂಬಿರುವ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಬಂದದ್ದು. ಶೇಂಗಾ ಮೂಲವೂ ಅದೇ ಖಂಡ. ನೀಲಗಿರಿ ಆಸ್ಟ್ರೇಲಿಯಾದ್ದು, ಗುಲ್‌ಮೊಹರ್ ಮಡಗಾಸ್ಕರಿನದು, ಜೂರಾಲದ ಹಿನ್ನೀರಂತೂ ನಮ್ಮ ಕಾಲದ್ದು. ಇವನ್ನೆಲ್ಲ ತೆಗೆದ ಮೇಲೆ ಉಳಿಯುವುದು ಬೇವು, ಹುಣಸೆ, ಆಲ, ತಾಳೆ, ಈಚಲು, ಕರಿಜಾಲಿ, ಮುತ್ತಲ, ಬಾರಿ ಗಿಡ. ಮೇ ತಿಂಗಳಾದ್ದರಿಂದ ಮುತ್ತಲದ ಹೂವು ಮುಗಿದಿರಬೇಕು, ಜೋಳದ ಹೊಲ ಕೊಯ್ದು ಬೋಳಾಗಿರಬೇಕು. ಆನೆ ಕುದುರೆಗಳ ನಡುಹಗಲಿನ ನೆರಳು ಕಾಲಡಿಯಲ್ಲೇ ಕುಗ್ಗಿ, ಸ್ವಲ್ಪ ದಕ್ಷಿಣಕ್ಕೆ ವಾಲಿರಬೇಕು. ಇಷ್ಟು ಸರಿಯಾದರೆ ಕಿರೀಟದ ಹರಳು ಹೆಚ್ಚುಕಡಿಮೆ ಆದರೂ ನಾನು ತಕರಾರು ತೆಗೆಯುವುದಿಲ್ಲ.

ಈ ಕೆಲಸವನ್ನೇ ಜೀವನೋಪಾಯ ಮಾಡಿಕೊಳ್ಳಬೇಕೆಂದಿರುವ ಹುಡುಗ ಹುಡುಗಿಯರಿಗೆ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಹೈದರಾಬಾದಿನಲ್ಲೂ ಶಾಖೆ ಇದ್ದ ರಿದಮ್ ಅಂಡ್ ಹ್ಯೂಸ್ ಸಂಸ್ಥೆ ಲೈಫ್ ಆಫ್ ಪೈ ಚಿತ್ರಕ್ಕೆ 2013ರಲ್ಲಿ ಆಸ್ಕರ್ ಪಡೆಯುವ ಕೆಲವೇ ದಿನಗಳ ಮುಂಚೆ ದಿವಾಳಿ ಅರ್ಜಿ ಹಾಕಿತ್ತು. ಎಂಪಿಸಿಯ ಒಡೆತನ ಹೊಂದಿದ್ದ ಟೆಕ್ನಿಕಲರ್ 2025ರ ಫೆಬ್ರವರಿಯಲ್ಲಿ ಮುಚ್ಚಿದಾಗ ಭಾರತದಲ್ಲಿ ಸಾವಿರಾರು ಕಲಾವಿದರು ಕೆಲಸ ಕಳೆದುಕೊಂಡರು. ಪ್ರಶಸ್ತಿ ಬೇರೆ, ಪಗಾರ ಬೇರೆ. ಆದ್ದರಿಂದ ಲಕ್ಷಗಟ್ಟಲೆ ಸಾಲ ಮಾಡಿ ತರಬೇತಿಗೆ ಸೇರುವ ಮುಂಚೆ ಪುಕ್ಕಟೆ ಸಿಗುವ ಬ್ಲೆಂಡರಿನಲ್ಲಿ ಒಂದು ವರ್ಷ ಕೈ ಪಳಗಿಸಿ.

ಮತ್ತು ಅದಕ್ಕಿಂತ ಮೊದಲು ಹೊಲಕ್ಕೆ ಹೋಗಿ. ನಿಮ್ಮೂರಿನ ಐದಾರು ಗಿಡ ಆರಿಸಿಕೊಳ್ಳಿ. ತೊಗಟೆಯ ಫೋಟೋವನ್ನು ಮೋಡ ಕವಿದ ದಿನ ತೆಗೆಯಿರಿ, ಬಿಸಿಲಿದ್ದರೆ ಅದರ ನೆರಳೂ ಚಿತ್ರದೊಳಗೆ ಅಂಟಿಕೊಂಡು ಆಮೇಲೆ ಬಿಡಿಸಲು ಬರುವುದಿಲ್ಲ. ಎಲೆಯ ಮುಂಭಾಗ, ಹಿಂಭಾಗ ಎರಡನ್ನೂ ತೆಗೆಯಿರಿ, ಬೆಳಕಿಗೆ ಹಿಡಿದು ಮೂರನೆಯದನ್ನು ತೆಗೆಯಿರಿ. ಎಳೆಯದು, ಬಲಿತದ್ದು, ಹುಳ ತಿಂದದ್ದು, ಒಣಗಿದ್ದು ಎಲ್ಲ ಇರಲಿ. ಅಳತೆಗೆ ಪಕ್ಕದಲ್ಲೊಂದು ಪಟ್ಟಿ ಇಡಿ. ಆಡು ಮೇಯ್ದ ಗೆರೆ ನೆಲದಿಂದ ಎಷ್ಟು ಎತ್ತರಕ್ಕಿದೆ ನೋಡಿ. ಗಿಡದ ಹೆಸರನ್ನು ನಿಮ್ಮ ಮನೆಯಲ್ಲಿ ಕರೆಯುವಂತೆಯೇ ಕನ್ನಡದಲ್ಲೋ ತೆಲುಗಿನಲ್ಲೋ ಬರೆದು, ಊರು, ದಿನಾಂಕ, ಗಂಟೆ, ನೀವು ನೋಡುತ್ತಿದ್ದ ದಿಕ್ಕು ಇಷ್ಟನ್ನು ಜೊತೆಗೆ ಸೇರಿಸಿ. ಹೀಗೆ ಕೂಡಿಟ್ಟದ್ದನ್ನು ಬೇರೆಯವರಿಗೂ ಬಳಸಲು ಬಿಡಿ. ಕೊಳ್ಳಲು ಸಿಗದ ಸಾಮಾನು ಅದು.